ಸೀತನಿಯ ಕೀಮಿಯಾ

ತಪ್ಪು ಶುರುವಾದದ್ದು ಬೀದರದಲ್ಲಿ, ಅದೂ ಖುಷಿಯ ಭರದಲ್ಲಿ. ವೈಜಿನಾಥ ಹೈದರಾಬಾದಿನಿಂದ ಬಿ.ಎಸ್ಸಿ. ಪಾಸಾಗಿ ಬಂದಾಗ ಅವನ ಅಪ್ಪ ಹಾವಗೆಪ್ಪನಿಗೆ ಸರ್ಟಿಫಿಕೇಟಿನ ಉರ್ದು ಓದಲು ಬರಲಿಲ್ಲ. ಚೌಬಾರಾ ಗೋಪುರದ ಹತ್ತಿರ ಹಾವಗೆಪ್ಪನ ಅರಿವೆ ಅಂಗಡಿ. ಪಕ್ಕದ್ದೇ ಅಬ್ದುಲ ಗಫೂರನ ಅತ್ತರಿನ ಅಂಗಡಿ. ಗಫೂರ ಚಾಚಾ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಇಡೀ ರಸ್ತೆಗೆ ಕೇಳುವಂತೆ ಓದಿದ.

"ಕೀಮಿಯಾ! ನಿನ್ನ ಮಗ ಕೀಮಿಯಾದಾಗ ಅವ್ವಲ್ ನಂಬರ್ ಬಂದಾನ, ಹಾವಗೆಪ್ಪಾ!"

ವೈಜಿನಾಥ ಓದಿದ ಹೈದರಾಬಾದಿನ ಕಾಲೇಜಿನಲ್ಲಿ ಆಗ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ರಸಾಯನಶಾಸ್ತ್ರಕ್ಕೆ ಅಲ್ಲಿ ಕೀಮಿಯಾ ಎಂದೇ ಹೆಸರು. ಆದರೆ ಊರ ಮಂದಿಗೆ ಆ ಮಾತಿಗೆ ಒಂದೇ ಅರ್ಥ: ತಾಮ್ರವನ್ನು ಬಂಗಾರ ಮಾಡುವ ವಿದ್ಯೆ. ಬೀದರದಲ್ಲಿ 'ಕೀಮಿಯಾ ಕಲಿತಾನ' ಎಂದಿದ್ದ ಸುದ್ದಿ ಭಾಲ್ಕಿಗೆ ಮುಟ್ಟುವಾಗ 'ಬಂಗಾರ ಮಾಡ್ತಾನ' ಎಂದಾಯಿತು. ಔರಾದಿಗೆ ಹೋಗುವಷ್ಟರಲ್ಲಿ ಆ ಬಂಗಾರವನ್ನು ಕಣ್ಣಾರೆ ಕಂಡವರೂ ಹುಟ್ಟಿಕೊಂಡಿದ್ದರು.

ವೈಜಿನಾಥನಿಗೆ ಇದಾವುದೂ ಗೊತ್ತಿರಲಿಲ್ಲ. ಗೊತ್ತಾಗುವಷ್ಟು ಅವನು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ನಾಲ್ಕು ಜನ ಕೂತಲ್ಲಿ ಅವನಿಗೆ ಉಸಿರು ಸಣ್ಣದಾಗುತ್ತಿತ್ತು. ಒಬ್ಬನೇ ಕೂತು ಒಂದು ಸಮೀಕರಣದ ಎರಡೂ ಬದಿ ಸರಿದೂಗಿದ ಗಳಿಗೆಯಲ್ಲಿ ಮಾತ್ರ ಎದೆಯೊಳಗೆ ಏನೋ ಹಗುರಾಗುತ್ತಿತ್ತು. ಊಟ ಮಾಡುವಾಗಲೂ ಎದುರಿಗೆ ಪುಸ್ತಕ. ಏನು ತಿಂದೆ ಎಂದು ಕೇಳಿದರೆ ತಾಟು ನೋಡಿ ಹೇಳಬೇಕಾಗುತ್ತಿತ್ತು. ನಾಲಿಗೆಯ ಸುಖ ನಾಲಿಗೆಯಷ್ಟೇ ಉದ್ದ, ಬುದ್ಧಿಯ ಸುಖಕ್ಕೆ ಅಳತೆಯಿಲ್ಲ ಎಂಬುದು ಅವನು ತನಗಾಗಿ ಕಟ್ಟಿಕೊಂಡ ಸಿದ್ಧಾಂತ. ರುಚಿ, ವಾಸನೆ, ಹಾಡು ಇವೆಲ್ಲ ಗದ್ದಲದವರ ಆಸ್ತಿ. ಒಂಟಿಯಾಗಿರುವವನಿಗೆ ವಿಚಾರ ಒಂದೇ ದಿಕ್ಕು.

ಹಾಗಾಗಿ ಸಂಕ್ರಾಂತಿಯ ಹೊತ್ತಿಗೆ ಅಪ್ಪ ಭಾಲ್ಕಿಯಲ್ಲಿ ಹೆಣ್ಣು ಗೊತ್ತುಮಾಡಿದಾಗ, ಅವನು ಮನಸ್ಸಿನಲ್ಲೇ ಉತ್ತರ ತೀರ್ಮಾನಿಸಿದ್ದ. ಮದುವೆಯೆಂದರೆ ಬೀಗರು, ಬಳಗ, ದಿನಬೆಳಗಾದರೆ ಮಾತು. ತನಗಿರುವ ಒಂದೇ ಸುಖ ಅದರಲ್ಲಿ ಕೊಚ್ಚಿ ಹೋಗುವುದು ಖಂಡಿತ. ಹೋಗುವುದು, ನೋಡುವುದು, ಸಂಜೆಗೆ ಒಲ್ಲೆ ಎನ್ನುವುದು.

"ಸಂಜಿಯೊಳಗ ಹೂಂ ಇಲ್ಲಾ ಉಹೂಂ, ಒಂದು ಹೇಳಿಬಿಡು," ಎಂದ ಹಾವಗೆಪ್ಪ, ಹೊಸದಾಗಿ ಬಂದಿದ್ದ ರೈಲಿನಲ್ಲಿ ಭಾಲ್ಕಿಗೆ ಹೋಗುವಾಗ. "ಸುಮ್ಮನ ಕೂಡಬ್ಯಾಡ. ನೀ ಸುಮ್ಮನ ಕೂತ್ರ ಮಂದಿ ಹೂಂ ಅಂತ ತಿಳೀತಾರ."

"ನನ್ನ ನಿಕಾಹಕ್ಕೂ ಹಂಗೇ ಆಗಿತ್ತು," ಎಂದ ಗಫೂರ ಚಾಚಾ. ಯಾರೂ ಕರೆಯದಿದ್ದರೂ ಅವನು ಜೊತೆಗೆ ಬಂದಿದ್ದ.

ಹುಡುಗಿಯ ಅಪ್ಪ ಶಿವರಾಜಪ್ಪ ಅವರನ್ನು ಮನೆಗೆ ಕರೆದೊಯ್ಯದೆ ನೇರ ಹೊಲಕ್ಕೆ ಕರೆದೊಯ್ದ. ಅದು ಸೀತನಿಯ ಕಾಲ. ಹಾಲು ತುಂಬಿದ ಎಳೆ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಬಿಡಿಸಿ ತಿನ್ನುವ ಹಬ್ಬ. ಕಂಬಳಿ ಹಾಸಿದ್ದರು. ವೈಜಿನಾಥನಿಗೆ ಅಚ್ಚರಿಯಾದದ್ದು ಅಲ್ಲಿ ನೆರೆದ ಮಂದಿಯ ಸಂಖ್ಯೆಯಲ್ಲ, ಅವರ ಕೈಯಲ್ಲಿದ್ದದ್ದು. ಒಬ್ಬಳ ಕೈಯಲ್ಲಿ ತಂಬಿಗೆ, ಇನ್ನೊಬ್ಬಳ ಕೈಯಲ್ಲಿ ಗಿಂಡಿ, ಮತ್ತೊಬ್ಬನ ಹೆಗಲ ಮೇಲೆ ಹಂಡೆ. ಎಲ್ಲ ತಾಮ್ರದವು, ಎಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದವು.

ಹುಡುಗಿಯ ಅಜ್ಜಿ ಸುಂದರಬಾಯಿ ಔರಾದಿನಿಂದ ಬಂಡಿ ಕಟ್ಟಿಸಿಕೊಂಡು ಬಂದಿದ್ದಳು. ಅವಳು ಮೊಮ್ಮಗಳ ವರನ ಮುಂದೆ ಒಂದು ಕೊಡ ಇಟ್ಟು ಕೂತಳು.

"ನಮ್ಮತ್ತಿ ಕಾಲದ್ದು ಅದರಿ. ಗಟ್ಟಿ ತಾಮ್ರ. ಮೊದಲು ನಂದು ಮಾಡಿ ಕೊಡ್ರಿ, ಆಮ್ಯಾಲ ಊರ ಮಂದೀದು."

"ಏನ್ ಮಾಡ್ಬೇಕ್ರೀ?" ಎಂದ ವೈಜಿನಾಥ.

"ಬಂಗಾರ ರೀ. ನೀವು ಕೀಮಿಯಾ ಕಲತಿಲ್ಲೇನು?"

ವೈಜಿನಾಥ ಗಫೂರ ಚಾಚಾನ ಕಡೆ ನೋಡಿದ. ಚಾಚಾ ಆಕಾಶ ನೋಡಿದ.

"ಅದು... ಆ ಕೀಮಿಯಾ ಅಲ್ಲ..." ಎಂದು ಹುಡುಗ ತೊದಲಿದ.

"ಎಲ್ಲರ ಮುಂದ ಹೇಳೂದಿಲ್ಲ, ಗುಟ್ಟು," ಎಂದು ಯಾರೋ ಪಿಸುಗುಟ್ಟಿದರು. ಗುಂಪು ಇನ್ನೂ ಹತ್ತಿರ ಬಂತು. ವೈಜಿನಾಥ ಎದ್ದು, "ಕೈ ತೊಳಕೊಂಡು ಬರ್ತೇನ್ರಿ," ಎಂದವನೇ ಆಳೆತ್ತರ ನಿಂತಿದ್ದ ಜೋಳದೊಳಗೆ ನುಗ್ಗಿಬಿಟ್ಟ.

ಒಳಗೆ ಹಸಿರು ಬೆಳಕು. ಎಲೆಗಳು ಕಿವಿ ಗೀರುತ್ತಿದ್ದವು. ಸದ್ದು ಹಿಂದೆ ಉಳಿದಂತೆ ಉಸಿರು ಮರಳಿತು. ಅಷ್ಟರಲ್ಲಿ ಕಾಲ ಬುಡದಿಂದ ಒಂದು ದನಿ ಬಂತು.

"ಕೂಡ್ರಿ. ನಿಂತ್ರ ತೆನಿ ಅಲುಗಿ ಗೊತ್ತಾಗ್ತದ."

ಒಂದಿಷ್ಟು ದಂಟು ಬಾಗಿಸಿ ಮಾಡಿಕೊಂಡ ಜಾಗದಲ್ಲಿ ಇಪ್ಪತ್ತರ ಹೆಣ್ಣುಮಗಳೊಬ್ಬಳು ಕೂತಿದ್ದಳು. ಸೆರಗಿನ ತುಂಬ ಸುಟ್ಟ ಸೀತನಿ, ಇನ್ನೂ ಹಬೆಯಾಡುತ್ತಿತ್ತು.

"ಬಂಗಾರದ ವರ ನೀವೇ ಏನ್ರಿ?"

"ನೀವು?"

"ನೀವು ನೋಡಲಾಕ ಬಂದ ಹುಡುಗಿ. ಗುರಮ್ಮ. ನೋಡಿದ್ದಾತಲ್ಲ, ಇನ್ನ ಹೋಗ್ರಿ."

"ಹೊರಗ ಕೊಡ ಹಿಡಕೊಂಡು ಕೂತಾರ."

ಗುರಮ್ಮ ಸದ್ದಿಲ್ಲದೆ ನಕ್ಕಳು, ಭುಜಗಳು ಮಾತ್ರ ಅಲುಗಿದವು. "ಹಂಗಾರ ಕೂಡ್ರಿ. ನನಗೂ ಮಂದಿ ಕಂಡ್ರ ಆಗೂದಿಲ್ಲ. ಯಾವ ವರ ಬಂದ್ರೂ ಇಲ್ಲೇ ಬರ್ತೇನಿ. ಅವರು ಕಾದು ಕಾದು ಹೋಗ್ತಾರ."

ಅವಳು ಒಂದು ಹಿಡಿ ಕಾಳು ಅವನ ಅಂಗೈಗೆ ಸುರಿದಳು. ರೂಢಿಯಂತೆ ಅವನು ಬಾಯಿಗೆ ಎಸೆದು ನುಂಗಲು ಹೋದ.

"ಅಯ್ಯ, ಗುಳಿಗಿ ಏನ್ರಿ ಅದು? ತಡೀರಿ. ಮೊದಲು ಮೂಗಿನ ಹತ್ರ ಹಿಡೀರಿ."

ಹಿಡಿದ. ಹೊಗೆ, ಅದರ ಕೆಳಗೆ ಹಾಲು, ಅದರ ಕೆಳಗೆ ಮಳೆ ನಿಂತ ಮೇಲಿನ ಹುಲ್ಲಿನಂಥದ್ದೇನೋ. ಬಾಯಿಗೆ ಹಾಕಿ ಹಲ್ಲು ಊರಿದ. ಕಾಳು ಒಂದೊಂದಾಗಿ ಒಡೆಯಿತು. ಮೊದಲು ಕರಕಲಿನ ಕಹಿ, ಆಮೇಲೆ ಮೆತ್ತಗೆ ಸಿಹಿ. ಅವಳು ಚಿಟಿಕೆ ಶೇಂಗಾಹಿಂಡಿಯ ಚಟ್ನಿಪುಡಿ ಇಟ್ಟಳು. ಬೆಳ್ಳುಳ್ಳಿ, ಖಾರ ನಾಲಿಗೆಯ ಅಂಚು ಹಿಡಿದು ಓಡಿದವು. ಕಣ್ಣು ತಾನಾಗಿ ಮುಚ್ಚಿತು. ಇಷ್ಟು ದಿನ ಗದ್ದಲದವರ ಆಸ್ತಿ ಎಂದುಕೊಂಡದ್ದು ಇಲ್ಲಿ ಇಷ್ಟು ಸದ್ದಿಲ್ಲದೆ ಕೂತಿತ್ತು.

"ಇಷ್ಟು ಚಂದ ಇರ್ತದಂತ ಗೊತ್ತಿರಲಿಲ್ಲ," ಎಂದ. ಆಮೇಲೆ, ಸಿದ್ಧಾಂತವನ್ನು ಅಷ್ಟು ಸುಲಭಕ್ಕೆ ಬಿಡಲಾರದೆ, "ಆದ್ರ ನುಂಗಿದ ಮ್ಯಾಲ ಮುಗೀತಲ್ರಿ. ಒಂದು ಲೆಕ್ಕ ಬಗೆಹರಿದ್ರ ಆ ಖುಷಿ ಉಳೀತದ," ಎಂದ.

ಗುರಮ್ಮ ಯೋಚಿಸಿದಳು. ವಾದಕ್ಕಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು: "ಬಗೆಹರಿದ ಲೆಕ್ಕ ಮರುವರ್ಷ ಮತ್ತ ಮಾಡ್ತೀರೇನ್ರಿ?"

"ಇಲ್ಲ. ಯಾಕ ಮಾಡ್ಲಿ?"

"ಸೀತನಿ ನಾ ವರ್ಷಾ ವರ್ಷಾ ತಿಂತೇನಿ. ಪ್ರತಿ ಸಲ ಮೊದಲನೇ ಸಲ ಆಗ್ತದ."

ಅವನು ಇನ್ನೊಂದು ಹಿಡಿಗೆ ಕೈ ಚಾಚಿದ.

"ನಂದೊಂದು ಕೇಳ್ತೇನಿ," ಎಂದಳು ಗುರಮ್ಮ. "ನಾಕು ದಿನ ಬಿಟ್ರ ಈ ಸಿಹಿ ಇರೂದಿಲ್ಲ. ಕಾಳು ಅದೇ, ಹೊಲ ಅದೇ. ಎಲ್ಲಿ ಹೋಗ್ತದ ಅದು? ಯಾರನ್ನ ಕೇಳಿದ್ರೂ ಬೆಳೀತಂದ್ರ ಹೋಗ್ತದ ಅಂತಾರ."

ವೈಜಿನಾಥ ನೆಟ್ಟಗೆ ಕೂತ. ಜನರ ಮುಂದೆ ಕಟ್ಟಿಹೋಗುತ್ತಿದ್ದ ನಾಲಿಗೆ ಸರಾಗವಾಯಿತು. "ಎಲ್ಲೂ ಹೋಗೂದಿಲ್ರಿ. ಸಕ್ಕರಿಯ ಸಣ್ಣ ಸಣ್ಣ ಕಣ ಒಂದರ ಕೈ ಒಂದು ಹಿಡಕೊಂಡು ಸರಪಳಿ ಆಗ್ತಾವ. ಆಗ ಅದು ಗಂಜಿ, ಹಿಟ್ಟು. ಕಾಲೇಜಿನಾಗ ನಾವು ಅದಕ್ಕ ನಿಶಾಸ್ತಾ ಅಂತೇವಿ. ಕೈ ಹಿಡದ ಮ್ಯಾಲ ನಾಲಿಗಿಗೆ ಸಿಹಿ ಹತ್ತೂದಿಲ್ಲ. ಅಂದ್ರ, ರೊಟ್ಟಿ ಒಳಗ ಸೀತನಿ ಅಡಗಿ ಕೂತಿರ್ತದ."

"ರೊಟ್ಟಿ ಒಳಗ!" ಗುರಮ್ಮ ಬಾಯಿಗೆ ಕಾಳು ಹಾಕಿ, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದಳು. "ಈಗ ಇನ್ನಷ್ಟು ರುಚಿ ಆತು ನೋಡ್ರಿ. ಇನ್ನೇನೇನು ಗೊತ್ತದ ನಿಮಗ?"

ಹೊರಗಿನಿಂದ ಹಾವಗೆಪ್ಪನ ಕೂಗು ಬಂತು: "ಏ ವೈಜ್ಯಾ! ಹೊತ್ತು ಇಳೀತೋ! ಹೂಂ ಏನು, ಉಹೂಂ ಏನು?"

ವೈಜಿನಾಥ ಎದ್ದ. ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದ ಉಹೂಂ ಎಲ್ಲಿ ಕಳೆದುಹೋಯಿತೋ ಅವನಿಗೇ ತಿಳಿಯದು. ಆದರೆ ಹೂಂ ಎನ್ನಬೇಕಾದದ್ದು ಅಷ್ಟು ಕೊಡಗಳ ಮುಂದೆ.

ಹೊರಗೆ ಬಂದಾಗ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಹೊಲದ ಪೂಜೆಗೆಂದು ಎಲೆಯಲ್ಲಿಟ್ಟ ಅರಿಶಿಣ ಕಣ್ಣಿಗೆ ಬಿತ್ತು. ಸುಂದರಬಾಯಿಯ ಮುಂದೆ ಕೂತು, "ಆಯಿ, ಒಂಚೂರು ಸುಣ್ಣ ಕೊಡ್ರಿ," ಎಂದ. ಮುದುಕಿ ಎಲೆಅಡಿಕೆಯ ಚಂಚಿ ಬಿಚ್ಚಿದಳು. ಗುಂಪು ಕತ್ತು ಚಾಚಿತು. ಅವನು ಅರಿಶಿಣಕ್ಕೆ ಸುಣ್ಣ, ನಾಲ್ಕು ಹನಿ ನೀರು ಸೇರಿಸಿ ಬೆರಳಿನಿಂದ ಕಲೆಸಿದ. ಬಂಗಾರದ ಬಣ್ಣ ಹೋಗಿ ಕೆಂಪು ಹೊಮ್ಮಿತು.

"ಇಷ್ಟೇ ನನ್ನ ಕೀಮಿಯಾ," ಎಂದ.

"ಏನ್ ಹುಡುಗನೋ!" ಎಂದಳು ಸುಂದರಬಾಯಿ. "ಆರತಿ ನೀರಿಗೆ ಇದು ನಾವೂ ಮಾಡ್ತೇವಿ. ಇದನ್ನ ಕಲೀಲಾಕ ಹೈದರಾಬಾದಿಗಿ ಹೋಗಿದ್ದೇನು?"

ನಗು ಎದ್ದಿತು. ಹಂಡೆ ಹೊತ್ತವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಮುದುಕಿ ಮಾತ್ರ ನಗುವನ್ನು ನಡುವೆಯೇ ನಿಲ್ಲಿಸಿ, ಎಲೆಯನ್ನೂ ಅವನ ಮುಖವನ್ನೂ ದಿಟ್ಟಿಸಿದಳು.

"ತಡೀರಿ. ಕುಂಕುಮ ಕಲಸ್ಯಾನ. ಬೇಕಂತ್ಲೇ ಕಲಸ್ಯಾನ. ಯಾರ ಹಣಿಗೋ ಇದು?"

ವೈಜಿನಾಥನ ಕಿವಿಗಳು ಅರಿಶಿಣ-ಸುಣ್ಣಕ್ಕಿಂತ ಕೆಂಪಾದವು. "ನಂದು ಹೂಂ ಅದರಿ. ಅವರನ್ನೊಂದು ಮಾತು ಕೇಳ್ರಿ."

ಹುಡುಗಿಯನ್ನು ಕೇಳುವುದು ಅಲ್ಲಿ ಯಾರಿಗೂ ರೂಢಿ ಇರಲಿಲ್ಲ. ಶಿವರಾಜಪ್ಪ ಕೆಮ್ಮಿದ, ಮಗಳು ಸಿಕ್ಕರಲ್ಲವೇ ಕೇಳುವುದು? ಆಗ ಜೋಳ ಸರಿಯಿತು. ಎಷ್ಟೋ ವರರಿಗೆ ಮುಖ ತೋರಿಸದ ಗುರಮ್ಮ, ತಲೆತುಂಬ ಹೊಟ್ಟು ಮೆತ್ತಿಕೊಂಡು, ತಾನಾಗಿ ಹೊರಗೆ ಬಂದು ಅಜ್ಜಿಯ ಮುಂದೆ ಕೂತಳು.

"ಹಚ್ಚು ಆಯಿ," ಎಂದಳು. "ಆದ್ರ ಮದುವಿಗಿ ಮಂದಿ ಸ್ವಲ್ಪ ಇರ್ಲಿ."

"ಬಾಳ ಸ್ವಲ್ಪ!" ಎಂದು ವೈಜಿನಾಥ ಕೂಗಿಬಿಟ್ಟ. ಮಗ ಇಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ಹಾವಗೆಪ್ಪ ಅವತ್ತೇ ಮೊದಲು ಕೇಳಿದ್ದು.

"ಅತ್ತರು ಮಾತ್ರ ನಂದೇ ಇರ್ಲಿ," ಎಂದ ಗಫೂರ ಚಾಚಾ, ಕೆಂಡದಿಂದ ತನಗೊಂದು ತೆನೆ ಎಳೆದುಕೊಳ್ಳುತ್ತ. "ಮಂದಿ ನೀವಿಬ್ಬರೇ ಆದ್ರ ಒಂದು ಶೀಶೆ ಸಾಕು."