ಟರ್ಬೊ ಕಾರಿನ ಬಲಗಡೆ ಸೀಟು

ಓಸ್ವಾಲ್ಡ್ ಬಹರೈನಿನಿಂದ ಹಡಗಿನಲ್ಲಿ ತರಿಸಿದ ಕಾರಿನ ಸ್ಟೇರಿಂಗ್ ಎಡಗಡೆ ಇತ್ತು. ಎಂಬತ್ತೈದನೆಯ ಇಸವಿಯ ಪರ್ಕಳಕ್ಕೆ ಅಷ್ಟೇ ಸಾಕಾಗಿತ್ತು. ಬಾನೆಟ್ಟಿನ ಕೆಳಗೆ ಟರ್ಬೊ ಎಂಬುದೊಂದು ಉಂಟು, ಅಂಥ ಪೆಟ್ರೋಲ್ ಕಾರು ಈ ಸುತ್ತಿನಲ್ಲೇ ಇಲ್ಲ ಎಂದು ಅವನು ಎಷ್ಟು ಹೇಳಿದರೂ, ನೋಡಲು ಬಂದವರು ಬಲಗಡೆಯ ಬಾಗಿಲು ತೆರೆದು, ಅಲ್ಲಿ ಸ್ಟೇರಿಂಗ್ ಇಲ್ಲದ್ದನ್ನು ಖಚಿತಪಡಿಸಿಕೊಂಡು, ತೃಪ್ತರಾಗಿ ಹೋಗುತ್ತಿದ್ದರು.

ನಾನು ಓಸ್ವಾಲ್ಡನ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಹೈಸ್ಕೂಲ್ ಮಾಸ್ಟರು. ನಾನು ಎದುರಿಗಿದ್ದರೆ ಕೊಂಕಣಿ ಬಿಟ್ಟು ಕನ್ನಡದಲ್ಲಿ ಜಗಳವಾಡುವಷ್ಟು ಮರ್ಯಾದಸ್ಥರು ಆ ಮನೆಯವರು. ಆ ದಿನಗಳ ಜಗಳ ಒಂದೇ: ಓಸ್ವಾಲ್ಡ್ ರಜೆ ಮುಗಿಸಿ ಬಹರೈನಿಗೆ ಹೋದ ಮೇಲೆ ಕಾರು ಯಾರ ಕೈಯಲ್ಲಿ?

ಅವನ ಹೆಂಡತಿ ಗ್ಲ್ಯಾಡಿಸ್ ಅಜೆಕಾರಿನ ಶಾಲೆಯಲ್ಲಿ ಟೀಚರ್. ಹಿರಿಯಡ್ಕದಲ್ಲಿ ಬಸ್ಸು ಬದಲಿಸಿ, ಮೀನಿನ ಬುಟ್ಟಿಗಳ ನಡುವೆ ಒಂಟಿ ಕಾಲಿನಲ್ಲಿ ನಿಂತು ಹೋಗಿ ಬರುವವಳು. ಕಾರು ಬರುತ್ತದೆಂದು ತಿಳಿದ ಕೂಡಲೇ ಲೈಸೆನ್ಸ್ ಮಾಡಿಸಿಕೊಂಡಿದ್ದಳು. ಆದರೆ ಮಾವ ಪೀಟರ್, ಕಾರ್ಕಳ–ಉಡುಪಿ ಲೈನಿನಲ್ಲಿ ಬಸ್ಸು ಓಡಿಸಿ ಮುಪ್ಪಾದವರು, ಮಗ ಮತ್ತೆ ಬರುವ ತನಕ ಕಾರು ಟಾರ್ಪಾಲು ಹೊದ್ದು ಶೆಡ್ಡಿನಲ್ಲಿರಲಿ ಎನ್ನುತ್ತಿದ್ದರು.

"ಕಾರು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಇಂಜಿನ್ ಸುಮ್ಮನೆ ಓಡಬೇಕಂತೆ ಮಾಸ್ಟ್ರೇ. ಊಟ ಮುಗಿಸಿ ಕೈ ತೊಳೆದ ಮೇಲೂ ಬಾಯಿ ಆಡಿಸುವವನನ್ನು ನೋಡಿದ್ದೀರಾ?" ಎಂದರು ಪೀಟರ್ ನನ್ನ ಕಡೆ ತಿರುಗಿ.

"ಪಪ್ಪ, ಟರ್ಬೊ ಅಂದರೆ ಇಂಜಿನಿನ ಹೊಗೆಗೆ ತಿರುಗುವ ಸಣ್ಣ ಫ್ಯಾನು," ಎಂದ ಓಸ್ವಾಲ್ಡ್. "ಏರು ಹತ್ತಿದ ಮೇಲೆ ಅದು ಕೆಂಡ. ಇಂಜಿನ್ ಓಡುತ್ತಾ ಇದ್ದರೆ ಮಾತ್ರ ಅದಕ್ಕೆ ಆಯಿಲ್ ಹೋಗುವುದು. ಫಕ್ಕನೆ ಬಂದ್ ಮಾಡಿದರೆ ಒಳಗಿನ ಆಯಿಲ್ ಕರಟಿ ಬೇರಿಂಗ್ ಹೋಗ್ತದೆ."

"ಕಾದ ಕಾವಲಿಗೆ ಎಣ್ಣೆ ಬಿಟ್ಟು ಮರೆತ ಹಾಗೆ," ಎಂದಳು ಗ್ಲ್ಯಾಡಿಸ್.

"ಹೌದು. ಮತ್ತೆ ಆಯಿಲ್ ಬೇಗ ಬೇಗ ಬದಲಿಸಬೇಕು. ಬೆಳಿಗ್ಗೆ ತಣ್ಣಗಿರುವಾಗ ಜೋರು ಮಾಡಬಾರದು."

"ಇದು ಕಾರೋ, ಬಾಣಂತಿಯೋ?" ಎಂದರು ಪೀಟರ್.

ಕೊನೆಗೆ ಪರೀಕ್ಷೆ ಇಟ್ಟವರೂ ಅವರೇ. ಭಾನುವಾರ ಕಾಪುವಿನಲ್ಲಿ ಅವರ ತಂಗಿ ಎಸ್ತರ್ ಮನೆಯಲ್ಲಿ ಓಸ್ವಾಲ್ಡನಿಗೆ ಬೀಳ್ಕೊಡುವ ಊಟ. ಗ್ಲ್ಯಾಡಿಸ್ ಓಡಿಸಲಿ. ಇಂಜಿನ್ ದಾರಿಯಲ್ಲಿ ಎಲ್ಲೂ ನಿಲ್ಲದೆ ಕಾಪು ಮುಟ್ಟಿದರೆ ಕೀ ಅವಳದು. ಒಮ್ಮೆ ನಿಂತರೂ ಟಾರ್ಪಾಲು. "ಮಾಸ್ಟ್ರು ಸಾಕ್ಷಿ," ಎಂದು ನನ್ನನ್ನೂ ಹತ್ತಿಸಿದರು.

ಗ್ಲ್ಯಾಡಿಸ್ ಎಡಗಡೆ ಸ್ಟೇರಿಂಗ್ ಹಿಡಿದಳು. ಪೀಟರ್ ಮುಂದೆ ಬಲಗಡೆ ಕೂತರು. ಬದುಕಿನುದ್ದಕ್ಕೂ ಕೂತ ಜಾಗ. ನಾನೂ ಓಸ್ವಾಲ್ಡನೂ ಹಿಂದೆ. ಡ್ರೈವರ್ ಇರಬೇಕಾದ ಜಾಗದಲ್ಲಿ ಕೈಕಟ್ಟಿ ಕೂತ ಪೀಟರರನ್ನು ಕಂಡ ಸೈಕಲ್ ಸವಾರನೊಬ್ಬ ಇಳಿದು ಚರಂಡಿಯ ಆಚೆ ನಿಂತ.

ಪರ್ಕಳ ಬಿಟ್ಟು ಮಣಿಪಾಲದ ಏರು ಶುರುವಾದಾಗ ಗ್ಲ್ಯಾಡಿಸ್ ಕಾಲು ಒತ್ತಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬಾನೆಟ್ಟಿನೊಳಗೆ ಸುಂಯ್ ಎಂದಿತು, ಯಾರೋ ಬೆನ್ನಿಗೆ ಕೈಕೊಟ್ಟು ದೂಡಿದ ಹಾಗೆ ಕಾರು ಎದ್ದು ಹೊರಟಿತು. ನನ್ನ ತಲೆ ಸೀಟಿಗೆ ಬಡಿಯಿತು. ಅಂಬಾಸಿಡರುಗಳು ಏದುಸಿರು ಬಿಡುವ ಆ ಏರು ನಮ್ಮ ಕೆಳಗೆ ಚಾಪೆಯಂತೆ ಸುತ್ತಿಕೊಂಡಿತು. ಗ್ಲ್ಯಾಡಿಸ್ ನಗುತ್ತಿದ್ದಳು. ಪೀಟರ್ ಸಹ ತುಟಿ ಬಿಗಿಹಿಡಿದದ್ದು ನಗು ತಡೆಯಲಿಕ್ಕೇ ಎಂದು ನನಗೆ ಅನುಮಾನ.

ಮಣಿಪಾಲ ದಾಟಿ ಉಡುಪಿಯ ಇಳಿಜಾರು ಎದುರಾಯಿತು. ಇಳಿಜಾರಿನ ತಲೆಯಲ್ಲಿ ನ್ಯೂಟ್ರಲ್ ಮಾಡಿ ಇಂಜಿನ್ ಬಂದ್ ಮಾಡುವುದು ಆ ಲೈನಿನ ಹಳೆಯ ಡ್ರೈವರುಗಳ ವಿದ್ಯೆ. ಉಳಿದ ಡೀಸೆಲಿಗೆ ಧಣಿಗಳು ಬೆನ್ನು ತಟ್ಟುತ್ತಿದ್ದರು. ಈ ಕಾರಿನ ಗೇರು ಪೀಟರರ ಎಡಗೈಗೆ ಸರಿಯಾಗಿ ಸಿಗುವಲ್ಲಿತ್ತು. ಕೀ ಇದ್ದದ್ದು ಸ್ಟೇರಿಂಗಿನ ಬಲಬದಿಯಲ್ಲಿ, ಅಂದರೆ ಅವರ ಕಡೆಗೇ. ಗ್ಲ್ಯಾಡಿಸ್ ಕಾಲು ಹಗುರ ಮಾಡಿದ್ದೇ ತಡ, ಪೀಟರ್ ರಸ್ತೆಯನ್ನೇ ನೋಡುತ್ತ, ಯೋಚನೆಯೇ ಇಲ್ಲದೆ, ಗೇರನ್ನು ನ್ಯೂಟ್ರಲಿಗೆ ತಂದು ಕೀ ತಿರುಗಿಸಿಬಿಟ್ಟರು.

ಕಾರು ಮೌನವಾಯಿತು. ಗಾಳಿಯ ಸದ್ದು ಮಾತ್ರ.

"ಪಪ್ಪ, ಎಂತ ಮಾಡಿದ್ರಿ!" ಎಂದ ಓಸ್ವಾಲ್ಡ್.

ಕೆಳಗೆ ಬಸ್ಸೊಂದು ಜನ ಹತ್ತಿಸಿಕೊಳ್ಳುತ್ತ ನಿಂತಿತ್ತು. ಇಂಜಿನಿಲ್ಲದೆ ಸ್ಟೇರಿಂಗ್ ಕಲ್ಲಾಗಿತ್ತು, ಬ್ರೇಕಿನ ಪೆಡಲು ಎರಡನೆಯ ಒತ್ತಿಗೇ ಗಟ್ಟಿಯಾಗಿ ಕೆಳಗಿಳಿಯದಾಯಿತು. ಬಸ್ಸಿನ ಹಿಂದಿನ ಏಣಿ ದೊಡ್ಡದಾಗುತ್ತ ಬಂತು. ಗ್ಲ್ಯಾಡಿಸ್ ಮಾವನ ಕೈಯನ್ನು ಪಟ್ಟೆಂದು ಹೊಡೆದು ಸರಿಸಿದಳು. ಅವಳ ತಂದೆಯ ಹಳೆಯ ಜೀಪು ಇಳಿಜಾರಿನಲ್ಲಿ ದೂಡದೆ ಒಮ್ಮೆಯೂ ಸ್ಟಾರ್ಟ್ ಆದದ್ದಿಲ್ಲವಂತೆ. ಕೀ ತಿರುಗಿಸಿ, ಕ್ಲಚ್ಚು ಒತ್ತಿ, ಮೂರನೆಯ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟಳು. ಕಾರು ಮುಗ್ಗರಿಸಿತು, ಕೆಮ್ಮಿತು, ಹಿಡಿದುಕೊಂಡಿತು. ಸ್ಟೇರಿಂಗಿಗೆ ಜೀವ ಬಂತು. ಬಸ್ಸಿನ ಪಕ್ಕದಲ್ಲಿ ಹಾದುಹೋಗುವಾಗ ಕಂಡಕ್ಟರ್ ತನ್ನ ಮೊಣಕೈಯನ್ನು ಒಳಗೆಳೆದುಕೊಂಡ.

ಕುಂಜಿಬೆಟ್ಟಿನಲ್ಲಿ ಅವಳು ಕಾರನ್ನು ಬದಿಗೆ ನಿಲ್ಲಿಸಿದಳು, ಇಂಜಿನ್ ಓಡಿಸಿಕೊಂಡೇ. ಓಸ್ವಾಲ್ಡ್ ಇಳಿದು ಸೈಲೆನ್ಸರಿನ ಬಾಯಿಗೆ ಬಿಳಿ ಕರವಸ್ತ್ರ ಹಿಡಿದ. ಟರ್ಬೊ ಕೆಟ್ಟಿದ್ದರೆ ನೀಲಿ ಹೊಗೆ ಬರಬೇಕು, ಬಟ್ಟೆಗೆ ಎಣ್ಣೆ ಹತ್ತಬೇಕು. ನಾವು ಮೂವರು ಕಿಟಕಿಗಳಿಂದ ತಲೆ ಹೊರಹಾಕಿ ಅವನನ್ನೇ ನೋಡುತ್ತಿದ್ದೆವು. ಕರವಸ್ತ್ರದಲ್ಲಿ ಸ್ವಲ್ಪ ಮಸಿ, ಅಷ್ಟೇ.

"ಏನೂ ಆಗಲಿಲ್ಲ," ಎಂದ. "ಬೇಗ ಸ್ಟಾರ್ಟ್ ಮಾಡಿದ್ದರಿಂದ ಉಳಿಯಿತು."

ಉದ್ಯಾವರ, ಕಟಪಾಡಿ ದಾಟುವಾಗಲೂ ಪೀಟರ್ ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟು ಕೂತಿದ್ದರು. ಇಂಜಿನ್ ದಾರಿಯಲ್ಲಿ ನಿಂತದ್ದು ನಿಜ. ಪರೀಕ್ಷೆಯ ಮಾತು ಮಾತೇ.

ಕಾಪುವಿನ ಅಂಗಳದಲ್ಲಿ ಎಸ್ತರ್ ಸೆರಗಿನಲ್ಲಿ ಕೈ ಒರೆಸುತ್ತ ಬಂದರು. ಪರೀಕ್ಷೆಯ ಸುದ್ದಿ ಅವರಿಗೂ ಮುಟ್ಟಿತ್ತು. "ಹೇಗಾಯ್ತು ಮಾರಾಯಾ, ಕಾರು ನಿಲ್ಲಲಿಲ್ಲ ಅಲ್ವಾ?"

"ನಿಂತಿತು," ಎಂದರು ಪೀಟರ್.

ಗ್ಲ್ಯಾಡಿಸಳ ಮುಖ ಬಾಡಿತು. ಟರ್ಬೊ ತಣಿಯಲೆಂದು ಬಿಟ್ಟ ಇಂಜಿನ್ ಇನ್ನೂ ಓಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಅವಳು ಕೀ ತಿರುಗಿಸಿ ಬಂದ್ ಮಾಡಿದಳು. ಪೀಟರ್ ಆ ಸದ್ದು ಪೂರ್ತಿ ಅಡಗುವವರೆಗೆ ಕಾದರು.

"ನಿಲ್ಲಿಸಿದ್ದು ನಾನು. ಕಾರಿನ ತಪ್ಪು ಎಂತದೂ ಇಲ್ಲ. ಓಡಿಸುವವಳದ್ದೂ ಇಲ್ಲ. ನನ್ನ ಕೈ ನನ್ನನ್ನು ಕೇಳದೆ ಕೆಲಸ ಮಾಡ್ತದೆ. ನಾನು ಬಸ್ಸಿನಲ್ಲಿ ಬರ್ತೇನೆ. ಕೀ ಅವಳದು."

"ಬಸ್ಸು ಬೇಡ ಮಾವ," ಎಂದಳು ಗ್ಲ್ಯಾಡಿಸ್. "ಹಿಂದೆ ಕೂತರಾಯ್ತು."

"ಹಿಂದೆಯಾ?" ಎಂದರು ಪೀಟರ್, ಡಿಕ್ಕಿಯಲ್ಲಿ ಮಲಗಲು ಹೇಳಿದ ಹಾಗೆ.

ಹಂದಿಮಾಂಸ, ಕಳ್ಳು ಹಾಕಿ ಉಬ್ಬಿಸಿದ ಇಡ್ಲಿಯಂಥ ಸನ್ನಣಗಳ ಊಟ ಮುಗಿದು ಸಂಜೆ ಹೊರಟಾಗ ಪೀಟರ್ ಹಿಂದೆ ನನ್ನ ಪಕ್ಕದಲ್ಲಿದ್ದರು, ಬಲಗಡೆ ಸೀಟಿನಲ್ಲಿ ಓಸ್ವಾಲ್ಡ್. ಮಣಿಪಾಲದ ಏರಿನಲ್ಲಿ ನಮ್ಮ ಮುಂದೆ ಅವರ ಹಳೆಯ ಕಂಪೆನಿಯ ಬಸ್ಸು ಹೊಗೆ ಕಾರುತ್ತಿತ್ತು. ಪೀಟರ್ ಕಿಟಕಿಯಿಂದ ಅರ್ಧ ಹೊರಗೆ ಬಾಗಿದರು.

"ಗ್ಲ್ಯಾಡಿಸ್, ಆ ಡ್ರೈವರ್ ನನ್ನ ಶಿಷ್ಯ. ಒತ್ತು, ಹಿಂದೆ ಹಾಕು."

"ಎದುರು ಲಾರಿ ಉಂಟು ಮಾವ. ಓಡಿಸುವವಳು ನಾನು."

"ಹೌದು, ಹೌದು," ಎಂದು ಅವರು ಒಳಗೆ ಬಂದು ನೆಟ್ಟಗೆ ಕೂತರು.

ಲಾರಿ ಹೋಯಿತು. ಗ್ಲ್ಯಾಡಿಸ್ ಕಾಲು ಒತ್ತಿದಳು.