ಮಡಿಲಕ್ಕಿಯೊಳಗಿನ ಮಾತ್ರೆ

ಮತ್ತೋಡಿನ ಬಸಮ್ಮನಿಗೆ ಸೊಸೆ ಶಿವಗಂಗಾ ಎಂದರೆ ಜೀವ. ಐದು ತಿಂಗಳ ಬಸುರಿ ಸೊಂಟನೋವು ಎಂದು ನರಳಿದಾಗ, ತನ್ನ ಮಂಡಿ ಆಪರೇಷನ್ ಆದಾಗ ನೋವಿಗೆಂದು ಡಾಕ್ಟರು ಬರೆದಿದ್ದ ಮಾತ್ರೆಗಳನ್ನೇ ಕೊಟ್ಟಳು. ನೋವು ಹೋಯಿತು. ಅದೇ ಚೀಟಿ ತೋರಿಸಿ ಮತ್ತೆ ಮತ್ತೆ ತಂದು ಕೊಟ್ಟಳು. ಏಳನೇ ತಿಂಗಳ ಸೀಮಂತ, ಅಂದರೆ ಕುಬುಸದ ದಿನ, ಅಕ್ಕಿ, ಬೆಲ್ಲ, ಕೊಬ್ಬರಿಯ ಜೊತೆ ಒಂದು ಹಾಳೆ ಮಾತ್ರೆಯನ್ನೂ ಮಡಿಲಿಗೆ ಹಾಕಿದಳು. ಸೊಸೆ ತವರಿಗೆ ಹೋದಾಗ ಬೇಕಲ್ಲ!

ಶಿವಗಂಗಾ ಆರತಿಗೆ ಎದ್ದಳು. ಮಾತ್ರೆ ಜಾರಿ ಆಶಾ ಕಾರ್ಯಕರ್ತೆ ಕೊಟ್ರಮ್ಮನ ಕಾಲ ಬಳಿ ಬಿತ್ತು.

"ಇದ್ಯಾವ ಸೀಮೆ ಮಡಿಲಕ್ಕಿ, ಬಸಮ್ಮ?"

"ನಂದೇ ಕಣೆ. ಡಾಕ್ಟ್ರು ಬರ್ದಿದ್ದು."

"ನಿನ್ನ ಮಂಡಿಗೆ ಬರ್ದಿದ್ದು. ಇವಳ ಹೊಟ್ಟೇಲಿ ಮಂಡಿ ಐತಾ, ಕೂಸು ಐತಾ?"

ಹೆಂಗಸರೆಲ್ಲ ನಕ್ಕರು. ಶಿವಗಂಗಾ ನಗಲಿಲ್ಲ. "ಎರಡು ತಿಂಗಳಿಂದ ದಿನಾ ತಗಂತಿದೀನಿ ಅಕ್ಕ. ಒಂದಿನ ಬಿಟ್ರೆ ಮೈಯೆಲ್ಲ ನಡುಗ್ತೈತೆ."

ಕೊಟ್ರಮ್ಮ ಅವಳ ಪಕ್ಕ ಕುಳಿತಳು. "ಇದು ಅಫೀಮಿನ ಜಾತಿ ಮಾತ್ರೆ. ನೀನು ನುಂಗಿದ್ದು ಕೂಸಿಗೂ ಹೋಗ್ತೈತೆ, ಅದಕ್ಕೂ ಅಭ್ಯಾಸ ಆಗ್ತೈತೆ. ಹುಟ್ಟಿದ ಮ್ಯಾಲೆ ನಡುಗಬಹುದು, ಭೇದಿ ಆಗಬಹುದು. ಕೆಲವು ಕೂಸಿಗೆ ಕರುಳೂ ಕೆಡಬಹುದು."

"ಹಂಗಾರೆ ಈಗ್ಲೇ ಬಿಸಾಕು!" ಬಸಮ್ಮ ಸೊಸೆಗೆ ಹೇಳಿದಳು.

"ಅದೂ ತಪ್ಪು. ದಿಢೀರ್ ಅಂತ ಬಿಟ್ರೂ ಕೂಸಿಗೆ ಅಪಾಯ. ಡಾಕ್ಟ್ರೇ ಇಳಿಸ್ತಾ ಬರಬೇಕು. ನಾಳೆ ಹೊಸದುರ್ಗಕ್ಕೆ ಹೋಗಾಣ."

"ಬೈದ್ರೆ?" ಬಸಮ್ಮ ಕೇಳಿದಳು.

"ಬೈಸ್ಕ."

ಬೈಸಿಕೊಂಡಳು. ಅಲ್ಲಿನ ಡಾಕ್ಟರ್ ಉಷಾರಾಣಿ ಮಾತ್ರೆಯನ್ನು ಹಂತ ಹಂತವಾಗಿ ಇಳಿಸಿದರು. ಹೆರಿಗೆ ದುರ್ಗದ ದೊಡ್ಡ ಜಿಲ್ಲಾಸ್ಪತ್ರೆಯಲ್ಲೇ ಆಗಲಿ ಎಂದರು. ಅಲ್ಲೇ ಹೆಣ್ಣು ಮಗು ಹುಟ್ಟಿತು. ಹೊಟ್ಟೆಯಲ್ಲೇ ಆಗಿದ್ದ ಮಾತ್ರೆಯ ಅಭ್ಯಾಸಕ್ಕೆ ಎರಡು ದಿನ ನಡುಗಿತು, ಕಿರುಚಿತು. ಮೂರನೇ ದಿನ ಹೊಟ್ಟೆ ಉಬ್ಬಿತು. ಕೂಸಿಗೆ ನೆಕ್ಕಿಸಲು ಬಸಮ್ಮ ಚೀಲದಿಂದ ಹರಳೆಣ್ಣೆ ಬಾಟಲಿ ತೆಗೆದಳು. ಜೊತೆಗೆ ಬಂದಿದ್ದ ಕೊಟ್ರಮ್ಮ ಅದನ್ನು ಕಿತ್ತುಕೊಂಡು ನರ್ಸನ್ನು ಕರೆದಳು. ವೈದ್ಯರು ಹಾಲು ನಿಲ್ಲಿಸಿ ಡ್ರಿಪ್ ಹಾಕಿದರು. ಆಮೇಲೆ ತಾಯಿಯ ಹಾಲನ್ನೇ ಹನಿ ಹನಿಯಾಗಿ ಕೊಡಿಸಿದರು.

ಆರನೇ ದಿನ ಬೆಳಿಗ್ಗೆ ಕೂಸಿನ ಬಟ್ಟೆ ಬದಲಿಸುತ್ತಿದ್ದ ಬಸಮ್ಮ ಖುಷಿಯಿಂದ ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು: "ಹಳದಿ ಕಕ್ಕ! ಅರಿಶಿನ ಕಲಸಿದಂಗೆ ಐತೆ! ಹೊಟ್ಟೆ ಮೆತ್ತಗಾಗೈತೆ!"

ಪಕ್ಕದ ಹಾಸಿಗೆಯ ಬಾಣಂತಿ ಕೇಳಿದಳು, "ಅದ್ನೇ ಹಂಚ್ತೀಯಾ ಅಜ್ಜಿ?"

"ಹಂಚಾದು ಸಕ್ರೆ ಕಣೆ!"

"ಕೂಸಿನ ಬಾಯಿಗೆ ಬ್ಯಾಡ," ಎಂದಳು ಕೊಟ್ರಮ್ಮ.

"ನಂಗೂ ಗೊತ್ತೈತೆ, ಸುಮ್ಕಿರೇ!"

ಈಗ ಯಾರ ಮನೆಯ ಕುಬುಸವಾದರೂ ಬಸಮ್ಮ ಮೊದಲು ಬಸುರಿಯ ಮಡಿಲು ತಡವುತ್ತಾಳೆ. "ಬಂದ್ಲಪ್ಪ ಪೊಲೀಸು" ಎಂದು ಹೆಂಗಸರು ನಗುತ್ತಾರೆ. ಮೊಮ್ಮಗಳು ಅವಳ ಸೊಂಟದ ಮೇಲೆ ಕುಳಿತು ಕೊಬ್ಬರಿಗೆ ಕೈ ಚಾಚುತ್ತಾಳೆ.

ನಿಮ್ಮ ಮನೆಯಲ್ಲೂ ಯಾರದೋ ನೋವಿನ ಮಾತ್ರೆ ಮಿಕ್ಕಿರಬಹುದು. ಬಸುರಿಗೆ ಕೊಡಬೇಡಿ. ಕೊಟ್ಟಿದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಹಸುಗೂಸಿನ ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿ. ಬಸುರಿಯ ಮಡಿಲಿಗೆ ಅಕ್ಕಿ ಹಾಕಿ, ಬೆಲ್ಲ ಹಾಕಿ. ಮಾತ್ರೆ ಹಾಕುವ ಕೆಲಸ ಡಾಕ್ಟರಿಗೆ ಬಿಡಿ.