ಎಡಗಡೆಯ ಸೀಟು

“ಎಡಗಡೆ ಕೈ ಬೀಸು,” ಎಂದಳು ಆರ್ಡಿತ್, ತುಟಿ ಅಲ್ಲಾಡಿಸದೆ. “ಇನ್ನೂ ಸ್ವಲ್ಪ ಮುಂದೆ. ಹ್ಞಾ, ಅಲ್ಲೇ. ಹಳದಿ ವಿಮಾನದ ಹತ್ರ ಜನ ನಿಂತಿದಾರೆ.”

ವೆಂಡೆಲ್ ಕೈ ಬೀಸಿದ, ಬಾಯಿ ತುಂಬ ನಕ್ಕ. ಯಾರಿಗೆ ನಕ್ಕೆನೆಂದು ಅವನಿಗೆ ಗೊತ್ತಿರಲಿಲ್ಲ. ಎರಡೇ ಸೀಟಿನ ಆ ಹಳೆಯ ವಿಮಾನ ಹುಲ್ಲಿನ ಮೇಲೆ ಕುಲುಕುತ್ತ ಸಾಗುತ್ತಿತ್ತು. ಅವನ ಕೈ ಸ್ಟೀರಿಂಗ್ ಮೇಲೆ ಸುಮ್ಮನೆ ಕೂತಿತ್ತು. ನಡೆಸುತ್ತಿದ್ದವಳು ಬಲಗಡೆ ಕೂತ ಆರ್ಡಿತ್, ತನ್ನ ಕಡೆಯ ಪೆಡಲುಗಳಿಂದ. ಸಾಲಿನಲ್ಲಿ ನಿಲ್ಲಿಸಿ ಎಂಜಿನ್ ಆರಿಸಿದಾಗ ಅವಳ ಕುತ್ತಿಗೆ ಮರಗಟ್ಟಿತ್ತು. ಮೀಟರುಗಳೆಲ್ಲ ಎಡಗಡೆ ಇದ್ದುದರಿಂದ ತೊಂಬತ್ತು ಮೈಲಿಯೂ ಗಂಡನ ಎದೆಯ ಮೇಲಿಂದ ಕತ್ತು ಚಾಚಿ ಓದಿಕೊಂಡು ಬಂದಿದ್ದಳು.

ಕೆಸ್ಲರ್ ಊರಿನ ಹುಲ್ಲಿನ ರನ್‌ವೇಗೆ ಪ್ರತಿ ಜೂನ್ ತಿಂಗಳ ಎರಡನೆಯ ಶನಿವಾರ ಸುತ್ತಲಿನ ಸಣ್ಣ ವಿಮಾನದವರೆಲ್ಲ ಹಾರಿ ಬಂದು ಸೇರುತ್ತಾರೆ. ಬಂದವರು ಪ್ಯಾನ್‌ಕೇಕ್ ತಿನ್ನುತ್ತಾರೆ, ಒಬ್ಬರ ಎಂಜಿನ್ನಿಗೆ ಇನ್ನೊಬ್ಬರು ಮೂಗು ತೂರಿಸುತ್ತಾರೆ, ಇಳಿಯುವಾಗ ಯಾರು ಎಷ್ಟು ಸಲ ಕುಪ್ಪಳಿಸಿದರೆಂದು ಎಣಿಸಿ ಆಡಿಕೊಳ್ಳುತ್ತಾರೆ. ಎಣಿಸುವುದರಲ್ಲಿ ಇವರಷ್ಟು ನಿಷ್ಕರುಣಿಗಳು ಇಡೀ ನೆಬ್ರಾಸ್ಕಾದಲ್ಲಿ ಇಲ್ಲ.

“ಏನಯ್ಯಾ ವೆಂಡೆಲ್, ಬೆಣ್ಣೆ ಮೇಲೆ ಇಳಿಸ್ದಂಗೆ ಇಳಿಸ್ಬಿಟ್ಟೆ!” ಎಂದು ಯಾರೋ ಕೂಗಿದರು. “ವಯಸ್ಸಾದಂಗೆ ನಿನ್ನ ಕೈ ಪಳಗ್ತಾ ಇದೆಯಲ್ಲೋ.”

“ಎಲ್ಲ ಅಭ್ಯಾಸ,” ಎಂದ ವೆಂಡೆಲ್.

ಆರ್ಡಿತ್ ಬಗ್ಗಿ ಚಕ್ರಕ್ಕೆ ಮರದ ತುಂಡು ಅಡ್ಡ ಇಟ್ಟಳು. ಅವನ ಕಣ್ಣಿನ ಪರದೆ ಸವೆದಿದೆಯೆಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಅವಳಿಗೂ ಲೈಸೆನ್ಸ್ ಇತ್ತು. ಮದುವೆಯಾದ ಹೊಸದರಲ್ಲಿ ತೆಗೆದುಕೊಂಡದ್ದು. ನಲವತ್ತು ವರ್ಷ ಅದು ಉಪಯೋಗಕ್ಕೆ ಬಂದದ್ದು ಗಂಡ ಸ್ಯಾಂಡ್‌ವಿಚ್ ತಿನ್ನುವಷ್ಟು ಹೊತ್ತು ಮಾತ್ರ. ಡಾಕ್ಟರ ಮಾತು ಕೇಳಿದ ಮೇಲೆ ದೂರದ ಊರಿಗೆ ಹೋಗಿ ಮತ್ತೆ ಕಲಿತು, ಪರೀಕ್ಷೆ ಕೊಟ್ಟು ಬಂದಳು. ಹೀಗಾಗಿ ಕಾನೂನಿನ ಪ್ರಕಾರ ತಪ್ಪೇನೂ ನಡೆದಿರಲಿಲ್ಲ. ಎಡಗಡೆ ಅವನು ಕೂರುವುದು, ರೇಡಿಯೋದಲ್ಲಿ ಅವನು ಮಾತಾಡುವುದು, ಬಲಗಡೆಯಿಂದ ಅವಳು ಹಾರಿಸುವುದು, ಇಳಿದ ಮೇಲೆ ಹೊಗಳಿಕೆ ಅವನು ಇಸಿದುಕೊಳ್ಳುವುದು. ಮೊದಲ ವರ್ಷ ಪ್ರೀತಿಯಿಂದಲೇ ಮಾಡಿದಳು. ಈಗ ಪ್ರೀತಿ ಇರಲಿಲ್ಲವೆಂದಲ್ಲ, ಸುಸ್ತು ಜಾಸ್ತಿಯಾಗಿತ್ತು.

ಪ್ಯಾನ್‌ಕೇಕ್ ತಟ್ಟೆ ಹಿಡಿದು ಅವಳು ಹಿಂದಿರುಗುವಷ್ಟರಲ್ಲಿ ಎಲ್ಡನ್ ಫ್ರಿಟ್ಶ್ ಕೋಲೂರಿಕೊಂಡು ವೆಂಡೆಲ್ ಪಕ್ಕ ನಿಂತಿದ್ದರು. ಈ ಸೀಮೆಯ ಅರ್ಧ ಜನಕ್ಕೆ ವಿಮಾನ ಕಲಿಸಿದ ಮೇಷ್ಟ್ರು ಅವರು. ವಯಸ್ಸು ಎಂಬತ್ತಮೂರು. ಹೃದಯ ಎರಡು ಸಲ ಕೈಕೊಟ್ಟ ಮೇಲೆ ಹಾರಾಟಕ್ಕೆ ಡಾಕ್ಟರು ಸಹಿ ಹಾಕಲಿಲ್ಲ. ಸ್ವಂತ ವಿಮಾನವನ್ನು ಈ ವಸಂತದಲ್ಲಿ ಮಾರಿದ್ದರು.

“ಒಂದೇ ಒಂದು ಸುತ್ತು ಕಣೋ,” ಎನ್ನುತ್ತಿದ್ದರು. “ಕಾರಲ್ಲಿ ಬಂದೆ ಇವತ್ತು. ಐವತ್ತೊಂಬತ್ತು ವರ್ಷದಲ್ಲಿ ಮೊದಲ್ನೇ ಸಲ. ಗೇಟಲ್ಲಿ ಯಾರೋ ಹುಡುಗಿ ಪಾರ್ಕಿಂಗ್ ಆ ಕಡೆ ತಾತಾ ಅಂದ್ಳು.”

“ಬನ್ನಿ ಗುರುವೇ, ಅದಕ್ಯಾಕೆ ಇಷ್ಟು ಪೀಠಿಕೆ?” ಎಂದ ವೆಂಡೆಲ್. “ಕೋಟು ಹಾಕ್ಕೊಂಡು ಬನ್ನಿ. ಮೇಲೆ ಚಳಿ.”

ಎಲ್ಡನ್ ಕಾರಿನ ಕಡೆ ನಡೆದರು. ಎಂಬತ್ತಮೂರರ ಕಾಲಿಗೆ ಹೆಚ್ಚೆನಿಸುವಷ್ಟು ಬೇಗ. ಆರ್ಡಿತ್ ತಟ್ಟೆಯನ್ನು ಹುಲ್ಲಿನ ಮೇಲಿಟ್ಟು ಗಂಡನ ತೋಳು ಹಿಡಿದು ರೆಕ್ಕೆಯ ಕೆಳಗೆ ಎಳೆದಳು.

“ತಲೆ ಕೆಟ್ಟಿದೆಯಾ? ಇರೋದು ಎರಡೇ ಸೀಟು. ಅವರು ನನ್ನ ಜಾಗದಲ್ಲಿ ಕೂತ್ರೆ ಇಳಿಸೋರು ಯಾರು?”

“ಅವ್ರೇ ಇಳಿಸ್ತಾರೆ. ನೆನಪಿಗೋಸ್ಕರ ನೀವೇ ಇಳಿಸಿ ಗುರುವೇ ಅಂತೀನಿ. ಖುಷಿ ಪಡ್ತಾರೆ. ಅವರ ಕಣ್ಣು ಹದ್ದಿನ ಕಣ್ಣು.”

“ಎದೆ?”

ವೆಂಡೆಲ್ ರೆಕ್ಕೆಯ ಅಂಚನ್ನು ಬೆರಳಿನಿಂದ ಒರೆಸಿದ.

“ಅಲ್ಲಿ ಮೇಲೆ ಅವರ ಎದೆ ಹಿಡ್ಕೊಂಡ್ರೆ ಏನ್ಮಾಡ್ತೀಯ? ಕೆಳಗಿಂದ ನಾನು ಕೂಗಿ ಹೇಳ್ಲಾ, ಎಡಕ್ಕೆ, ಇನ್ನೂ ಎಡಕ್ಕೆ ಅಂತ?”

“ಹತ್ತು ನಿಮಿಷದ ಸುತ್ತು ಕಣೇ. ಎರಡು ವರ್ಷದಿಂದ ಮೂಟೆ ಥರ ಕೂತಿದೀನಿ. ಒಂದು ಸಲ ನಾನು ಯಾರನ್ನಾದ್ರೂ ಕರ್ಕೊಂಡು ಹೋಗ್ಬಾರ್ದಾ?”

ಆರ್ಡಿತ್‌ಗೆ ಅಯ್ಯೋ ಅನಿಸಿತು, ಅದರ ಬೆನ್ನಿಗೇ ಸಿಟ್ಟೂ ಬಂತು. ಮೂಟೆಯನ್ನು ಹೊತ್ತವರ ಬೆನ್ನಿನ ಬಗ್ಗೆ ಅವನು ಒಂದು ದಿನವೂ ಕೇಳಿರಲಿಲ್ಲ.

“ಹೇಳ್ಬಿಡು ಅವರಿಗೆ,” ಎಂದಳು. “ಇಲ್ಲಾಂದ್ರೆ ನಾನು ಹೇಳ್ತೀನಿ. ನನಗೆ ಸಾಕಾಗಿದೆ ವೆಂಡೆಲ್.”

“ನೀನು ಹೇಳಲ್ಲ,” ಎಂದ ವೆಂಡೆಲ್. ಅಷ್ಟು ನಂಬಿಕೆ ಅವನಿಗೆ.

ಎಲ್ಡನ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದರು. ಕೂದಲು ಬಾಚಿಕೊಂಡಿದ್ದರು. ವೆಂಡೆಲ್ ಬಲಗಡೆಯ ಬಾಗಿಲನ್ನು ಕೈಯಿಂದ ತಡವಿ ತೆರೆದು, “ಗುರುವೇ, ಇಳಿಸೋದು ಮಾತ್ರ ನೀವೇ,” ಎಂದ. ಮುದುಕರ ಮುಖ ಅರಳಿತು. ಕೋಲನ್ನು ಸೀಟಿನ ಹಿಂದೆ ಹಾಕಿ, ಒಂದು ಕಾಲು ಮೆಟ್ಟಿಲ ಮೇಲಿಟ್ಟರು.

“ಮೇಷ್ಟ್ರೇ,” ಎಂದಳು ಆರ್ಡಿತ್. “ಇವನಿಗೆ ಕಣ್ಣು ಕಾಣಲ್ಲ.”

ಪಕ್ಕದ ವಿಮಾನದ ಗಾಜು ಒರೆಸುತ್ತಿದ್ದ ಗಂಡಹೆಂಡಿರು ಒರೆಸುವುದನ್ನು ನಿಲ್ಲಿಸಿದರು. ಎಲ್ಡನ್ ಇಟ್ಟ ಕಾಲನ್ನು ಕೆಳಗಿಳಿಸಿ ವೆಂಡೆಲ್‌ನನ್ನು ನೋಡಿದರು.

“ಎಷ್ಟು ದಿನದಿಂದ?”

“ಎರಡು ವರ್ಷ,” ಎಂದ ವೆಂಡೆಲ್.

“ಹಂಗಾದ್ರೆ ಬೆಳಿಗ್ಗೆ ಇಳಿಸಿದ್ದು?”

ಇವನು ಈಗ ಏನಾದರೊಂದು ತಮಾಷೆ ಮಾಡಿ ಜಾರಿಕೊಳ್ಳುತ್ತಾನೆ ಎಂದುಕೊಂಡಳು ಆರ್ಡಿತ್. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ.

“ಅವಳು,” ಎಂದ. “ಹೋದ ವರ್ಷದ್ದೂ ಅವಳೇ. ಎಲ್ಲಾ ಅವಳೇ.”

ಪಕ್ಕದವರಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದ. ಎಲ್ಡನ್ ಆರ್ಡಿತ್ ಕಡೆ ತಿರುಗಿದರು. ಮುಖ ಗಂಟಾಗಿತ್ತು. ತನ್ನ ಒಂದು ಸುತ್ತು ಕೈತಪ್ಪಿದ್ದಕ್ಕೋ, ಶಿಷ್ಯ ತನಗೂ ಮುಚ್ಚಿಟ್ಟದ್ದಕ್ಕೋ, ಅಂತೂ ಸಿಟ್ಟಿತ್ತು.

“ಚಕ್ರ ನೆಲ ಮುಟ್ಟೋಕೆ ಮುಂಚೆ ವಿಮಾನದ ಮೂಗನ್ನ ಸ್ವಲ್ಪ ಬೇಗ ಬಿಡ್ತೀಯ ನೀನು,” ಎಂದರು. “ಇನ್ನೊಂದು ಕ್ಷಣ ಎತ್ತಿ ಹಿಡ್ಕೋಬೇಕು.”

“ಸರಿ ಮೇಷ್ಟ್ರೇ.”

“ಸರಿ ಅಂತ ನಿಂತ್ರೆ? ಹತ್ತು, ಎಡಗಡೆ ಸೀಟಿಗೆ.”

ಎಡಗಡೆಯ ಸೀಟು ವೆಂಡೆಲ್‌ನ ಉದ್ದ ಕಾಲಿಗೆ ಹೊಂದಿಕೊಂಡು ವರ್ಷಗಳಿಂದ ಹಿಂದೆಯೇ ಕಚ್ಚಿಕೊಂಡಿತ್ತು. ಆರ್ಡಿತ್ ಕೂತರೆ ಪೆಡಲು ಎಟುಕಲಿಲ್ಲ. ಎಳೆದಳು, ಜಗ್ಗಿದಳು, ಅಲುಗಲಿಲ್ಲ. ಆಗ ವೆಂಡೆಲ್ ಬಾಗಿಲ ಬಳಿ ಮಂಡಿಯೂರಿ, ಸೀಟಿನ ಕೆಳಗೆ ಕೈ ತೂರಿಸಿ ಕೊಕ್ಕೆ ಹುಡುಕಿದ. ಅವನ ಕೈಗೆ ಆ ವಿಮಾನದ ಪ್ರತಿಯೊಂದು ತಿರುಪೂ ಗೊತ್ತಿತ್ತು.

“ನೀನು ಹೇಳಲ್ಲ ಅಂದ್ಕೊಂಡಿದ್ದೆ,” ಎಂದ ತಗ್ಗಿದ ದನಿಯಲ್ಲಿ.

“ನಾನೂ ಹಂಗೇ ಅಂದ್ಕೊಂಡಿದ್ದೆ.”

ಕೊಕ್ಕೆ ಕಿರ್ರೆಂದು ಬಿಟ್ಟಿತು. ಸೀಟನ್ನು ಒಂದೊಂದೇ ಹಲ್ಲು ಮುಂದೆ ತಳ್ಳಿದ. “ಸಿಕ್ತಾ ಪೆಡಲು? ಇನ್ನೊಂದು ಹಲ್ಲು ಬೇಕಾ?”

“ಸಾಕು. ಸಿಕ್ತು.”

ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈ ಹುಡುಕಿ ಇಟ್ಟ. ಪಕ್ಕದ ವಿಮಾನದವನು ಬಂದು ಅವನ ಮೊಣಕೈ ಹಿಡಿದು ದೂರ ಕರೆದುಕೊಂಡು ಹೋದ. ವೆಂಡೆಲ್ ಕೊಸರಿಕೊಳ್ಳಲಿಲ್ಲ.

ವಿಮಾನ ಮೇಲೇರಿತು. ಎಲ್ಡನ್ ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು, ಕೆಳಗಿನ ನದಿಯನ್ನೂ ನೀರಾವರಿಯ ದುಂಡು ಹೊಲಗಳನ್ನೂ ನೋಡುತ್ತ ಕೂತರು. “ಸ್ಟೀರಿಂಗ್ ಸ್ವಲ್ಪ ಹಿಡ್ಕೋತೀರಾ?” ಎಂದು ಅವಳು ಕೇಳಿದಾಗ ಬೇಡವೆಂದು ತಲೆಯಾಡಿಸಿದರು. ಕಣ್ಣು ಒದ್ದೆಯಾಗಿತ್ತು. ಅವಳ ಕುತ್ತಿಗೆ ಇನ್ನೂ ನೋಯುತ್ತಿತ್ತು, ಆದರೆ ಮೀಟರುಗಳೆಲ್ಲ ನೇರ ಎದುರಿಗಿದ್ದವು.

ಇಳಿಯುವ ಮುಂಚೆ ರೇಡಿಯೋದಲ್ಲಿ ಹೇಳಬೇಕು. ಕೆಳಗೆ ಶೆಡ್ಡಿನ ಗೋಡೆಗೆ ಸ್ಪೀಕರ್ ಕಟ್ಟಿದ್ದರು. ಅದರಲ್ಲಿ ಈ ವಿಮಾನದ ಹೆಸರಿನಲ್ಲಿ ಕೇಳುತ್ತಿದ್ದುದು ಯಾವಾಗಲೂ ವೆಂಡೆಲ್‌ನ ದನಿ. ಆರ್ಡಿತ್ ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದಳು. ವಿಮಾನದ ನಂಬರು ಹೇಳಿದಳು, ಇಳಿಯುತ್ತಿದ್ದೇನೆ ಎಂದಳು. ದನಿ ಒರಟಾಗಿ ಬಂತು, ಬರಲಿ ಬಿಡು ಎಂದುಕೊಂಡಳು.

ವಿಮಾನ ರನ್‌ವೇಗೆ ಮೂಗು ಮಾಡಿ ಕೆಳಗಿಳಿಯತೊಡಗಿತು. ಪ್ಯಾನ್‌ಕೇಕ್ ಡೇರೆಯ ಮುಂದೆ ನೆರೆದವರೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದು ಇತ್ತಲೇ ನೋಡುತ್ತಿದ್ದರು. ಅವರಿಂದ ದೂರ, ಹುಲ್ಲಿನ ಅಂಚಿನಲ್ಲಿ ವೆಂಡೆಲ್ ಒಬ್ಬನೇ ನಿಂತಿದ್ದ. ಮುಖವನ್ನು ಪೂರ್ತಿ ಜೋಳದ ಹೊಲದ ಕಡೆ ತಿರುಗಿಸಿಬಿಟ್ಟಿದ್ದ.

“ಮುನಿಸ್ಕೊಂಡಿದಾನೆ,” ಎಂದರು ಎಲ್ಡನ್. “ಈ ಕಡೆ ನೋಡ್ತಾನೂ ಇಲ್ಲ.”

“ನೋಡ್ತಾ ಇದಾನೆ ಮೇಷ್ಟ್ರೇ. ನೇರವಾಗಿ ನೋಡಿದ್ರೆ ಅವನಿಗೆ ಏನೂ ಕಾಣ್ಸಲ್ಲ. ಮುಖ ಆ ಕಡೆ ತಿರುಗಿಸಿದ್ರೆ ಅಂಚಲ್ಲಿ ಚೂರು ಕಾಣ್ಸತ್ತೆ.”

ಚಕ್ರ ಹುಲ್ಲನ್ನು ಮುಟ್ಟಿ, ವಿಮಾನ ಅವನ ಮುಂದೆ ಹಾದುಹೋಗುವವರೆಗೂ ವೆಂಡೆಲ್ ಹಾಗೆಯೇ ಹೊಲದ ಕಡೆ ಮುಖ ಮಾಡಿಕೊಂಡು ನಿಂತಿದ್ದ.